ನಿಮ್ಮದೇ ಗಿಟ್ ಸರ್ವರ್: ಇನ್‌ಸ್ಟಾಲ್‌ಗೆ ಒಂದು ಸಂಜೆ ಸಾಕು, ಆಮೇಲಿನದ್ದೇ ಅಸಲಿ ಕೆಲಸ

ಇವತ್ತಿನ ಎಪಿಸೋಡ್ ಕೋಡ್ ಬರೆಯೋರಿಗೆ. ಬರೆಯದೇ ಇರೋರೂ ಕೇಳಿ, ಯಾಕಂದ್ರೆ ಇದು ಕೊನೆಗೆ ಬ್ಯಾಕಪ್ ಕಥೆ. ನಿಮ್ಮ ಫೋನ್‌ನಲ್ಲಿರೋ ಫೋಟೋಗಳಿಗೂ ಅನ್ವಯಿಸುತ್ತೆ.

2017ರ ಜನವರಿ 31. ಗಿಟ್‌ಲ್ಯಾಬ್ ಅನ್ನೋದು ಜಗತ್ತಿನ ಲಕ್ಷಾಂತರ ಡೆವಲಪರ್‌ಗಳು ಕೋಡ್ ಇಡೋ ಜಾಗ. ಅಲ್ಲಿನ ಎಂಜಿನಿಯರ್ ಒಬ್ಬರು ರಾತ್ರಿ ಹೊತ್ತು ಡೇಟಾಬೇಸ್ ರಿಪೇರಿ ಮಾಡ್ತಾ ಇದ್ರು. ಎರಡು ಸರ್ವರ್ ಇದ್ವು: ಒಂದು ಮುಖ್ಯವಾದದ್ದು, ಇನ್ನೊಂದು ಅದರ ನಕಲು. ನಕಲಿನ ಡೇಟಾ ಅಳಿಸ್ತಿದ್ದೀನಿ ಅಂದ್ಕೊಂಡು ಮುಖ್ಯ ಸರ್ವರ್‌ನದ್ದನ್ನೇ ಅಳಿಸಿಬಿಟ್ರು. ಒಂದೆರಡು ಸೆಕೆಂಡ್‌ನಲ್ಲಿ ಗೊತ್ತಾಗಿ ನಿಲ್ಲಿಸಿದ್ರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು ಸುಮಾರು 4.5 ಜಿಬಿ.

ಬ್ಯಾಕಪ್ ಇರಲಿಲ್ವಾ ಅಂತ ಕೇಳ್ತೀರಾ? ಒಂದಲ್ಲ, ಹಲವು ವಿಧಾನ ಇದ್ವು. ದಿನಾ ಆಗಬೇಕಿದ್ದ ಡೇಟಾಬೇಸ್ ಬ್ಯಾಕಪ್ ಸಾಫ್ಟ್‌ವೇರ್ ವರ್ಷನ್ ಹೊಂದಿಕೆ ಆಗದೆ ಫೇಲ್ ಆಗ್ತಾನೇ ಇತ್ತು. ಫೇಲ್ ಆಯ್ತು ಅಂತ ಹೇಳೋ ಇಮೇಲ್ ಕೂಡ ಯಾರಿಗೂ ತಲುಪ್ತಾ ಇರಲಿಲ್ಲ. ಕೊನೆಗೆ ಕಾಪಾಡಿದ್ದು, ಅದೇ ಎಂಜಿನಿಯರ್ ಬೇರೆ ಯಾವುದೋ ಟೆಸ್ಟಿಂಗ್‌ಗೆ ಅಂತ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ. ಆದರೂ ಸುಮಾರು 5,000 ಪ್ರಾಜೆಕ್ಟ್‌ಗಳ ದಾಖಲೆ, 5,000 ಕಾಮೆಂಟ್, 700 ಹೊಸ ಬಳಕೆದಾರರ ಖಾತೆ ಹೋದ್ವು. ಕಂಪನಿ ಏನನ್ನೂ ಮುಚ್ಚಿಡಲಿಲ್ಲ. ರಿಪೇರಿಯನ್ನ ಯೂಟ್ಯೂಬ್‌ನಲ್ಲಿ ಲೈವ್ ತೋರಿಸ್ತು.

ಇದರಲ್ಲಿ ಒಂದು ವಿಷಯ ಗಮನಿಸಿ: ಕೋಡ್ ಹೋಗಲಿಲ್ಲ. ಹೋಗಿದ್ದು ಡೇಟಾಬೇಸ್‌ನಲ್ಲಿದ್ದದ್ದು. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ವಾಪಸ್ ಬರ್ತೀನಿ.

ಗಿಟ್ ಅಂದ್ರೆ ಲೆಕ್ಕದ ಪುಸ್ತಕ

ನಾನು ಬಿಕಾಂ ಓದಿದವಳು. ನನಗೆ ಗಿಟ್ ಅರ್ಥ ಆಗಿದ್ದು ಲೆಕ್ಕದ ಪುಸ್ತಕದ ಮೂಲಕ. ಜರ್ನಲ್‌ನಲ್ಲಿ ತಪ್ಪು ಎಂಟ್ರಿ ಆದ್ರೆ ವೈಟ್ನರ್ ಹಚ್ಚೋ ಹಾಗಿಲ್ಲ, ಸರಿಪಡಿಸೋ ಇನ್ನೊಂದು ಎಂಟ್ರಿ ಹಾಕಬೇಕು. ಗಿಟ್‌ನ ರೂಢಿಯೂ ಅದೇ. ಯಾರು, ಯಾವಾಗ, ಯಾವ ಸಾಲು ಬದಲಾಯಿಸಿದ್ರು, ಎಲ್ಲಾ ದಾಖಲೆ. ಅಂಥ ಒಂದೊಂದು ಎಂಟ್ರಿಗೆ ಕಮಿಟ್ ಅಂತಾರೆ. 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ಲೈನಸ್ ಟೊರ್ವಾಲ್ಡ್ಸ್ ಇದನ್ನ ಶುರು ಮಾಡಿದ್ರು.

ಇದರ ವಿಶೇಷ ಏನಂದ್ರೆ, ಕ್ಲೋನ್ ಮಾಡಿದಾಗ ಪೂರ್ತಿ ಪುಸ್ತಕ, ಮೊದಲ ಪುಟದಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಬರುತ್ತೆ. ತಂಡದಲ್ಲಿ ಐದು ಜನ ಇದ್ರೆ ಐದು ಪ್ರತಿ. ಹಾಗಾದ್ರೆ ಸರ್ವರ್ ಯಾಕೆ? ಎಲ್ರೂ ಬರೆದದ್ದು ಒಂದು ಕಡೆ ಸೇರೋಕೆ. ಜೊತೆಗೆ ಬಗ್ ಪಟ್ಟಿ ಅಂದ್ರೆ ಇಶ್ಯೂಗಳು, ಕೋಡ್ ಮೇಲಿನ ಚರ್ಚೆ, ಯಾರಿಗೆ ಎಷ್ಟು ಅನುಮತಿ ಅನ್ನೋದು, ಇವೆಲ್ಲ ಇರೋದು ಸರ್ವರ್‌ನ ಡೇಟಾಬೇಸ್‌ನಲ್ಲಿ ಮಾತ್ರ. ನಿಮ್ಮ ಲ್ಯಾಪ್‌ಟಾಪ್‌ಗೆ ಇವು ಬರೋದಿಲ್ಲ.

ಗಿಟ್‌ಹಬ್ ಇರುವಾಗ ಸ್ವಂತದ್ದು ಯಾಕೆ?

ನಿಜ ಹೇಳ್ತೀನಿ, ಬಹಳಷ್ಟು ಜನರಿಗೆ ಗಿಟ್‌ಹಬ್ ಸಾಕು. 2008ರಲ್ಲಿ ಶುರುವಾಗಿ, 2018ರಲ್ಲಿ 7.5 ಬಿಲಿಯನ್ ಡಾಲರ್‌ಗೆ ಮೈಕ್ರೋಸಾಫ್ಟ್ ಕೈಸೇರಿದ ಗಿಟ್‌ಹಬ್‌ನಲ್ಲಿ ಖಾಸಗಿ ಪ್ರಾಜೆಕ್ಟ್ ಕೂಡ ಉಚಿತವಾಗಿ ಇಡಬಹುದು.

ಆದ್ರೆ ಅದು ಬಾಡಿಗೆ ಮನೆ. 2014ರ ಡಿಸೆಂಬರ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆ ತಡೆಹಿಡಿಯೋಕೆ ಹೇಳಿದ 32 ವೆಬ್‌ಸೈಟ್‌ಗಳಲ್ಲಿ ಗಿಟ್‌ಹಬ್ ಕೂಡ ಇತ್ತು. ಸ್ವಲ್ಪ ದಿನದಲ್ಲಿ ಸರಿಹೋಯ್ತು ಬಿಡಿ. 2019ರಲ್ಲಿ ಅಮೆರಿಕದ ನಿರ್ಬಂಧಗಳಿಂದಾಗಿ ಇರಾನ್, ಸಿರಿಯಾ, ಕ್ರೈಮಿಯಾದ ಡೆವಲಪರ್‌ಗಳು ತಮ್ಮದೇ ಖಾಸಗಿ ಕೋಡ್ ಮುಟ್ಟೋಕಾಗದೆ ಒದ್ದಾಡಿದ್ರು. ಗ್ರಾಹಕರ ಕೋಡ್ ಹೊರಗಿಡಬಾರದು ಅನ್ನೋ ಕರಾರು ಇರೋ ಸಣ್ಣ ಕಂಪನಿಗಳೂ ಇವೆ. ಇಂಥವರಿಗೆ ಸ್ವಂತ ಸರ್ವರ್ ಅರ್ಥಪೂರ್ಣ.

ಹಾಕೋದು ಹೇಗೆ?

ಗಿಟ್‌ಲ್ಯಾಬ್ ತಂತ್ರಾಂಶವನ್ನ ನಾವೇ ಹಾಕ್ಕೋಬಹುದು. ಸೌಲಭ್ಯ ಜಾಸ್ತಿ, ಆದ್ರೆ ಮೆಮೊರಿ ಹಸಿವೂ ಜಾಸ್ತಿ. ಸಣ್ಣ ತಂಡಕ್ಕೆ ಗಿಟೀ ಒಳ್ಳೇದು. 2016ರಲ್ಲಿ ಗಾಗ್ಸ್ ಅನ್ನೋ ಪ್ರಾಜೆಕ್ಟ್‌ನಿಂದ ಕವಲೊಡೆದದ್ದು. 1 ಜಿಬಿ ಮೆಮೊರಿ ಇರೋ ಬಾಡಿಗೆ ಸರ್ವರ್ ಅಥವಾ ರಾಸ್‌ಬೆರಿ ಪೈ ಮೇಲೂ ಓಡುತ್ತೆ. 2022ರಲ್ಲಿ ಗಿಟೀಯ ಆಡಳಿತ ಕಂಪನಿಯ ಕೈಗೆ ಹೋಯ್ತು ಅನ್ನೋ ಅಸಮಾಧಾನದಿಂದ ಫೋರ್ಜೆಯೋ ಹುಟ್ಟಿತು. ಎರಡರಲ್ಲಿ ಯಾವುದಾದ್ರೂ ಸರಿ.

ಹೆಜ್ಜೆಗಳು ಹೀಗಿವೆ. ಲಿನಕ್ಸ್ ಸರ್ವರ್‌ನಲ್ಲಿ ಗಿಟ್ ಅನ್ನೋ ಹೆಸರಲ್ಲೇ ಪ್ರತ್ಯೇಕ ಯೂಸರ್ ಮಾಡಿ. ರೂಟ್ ಆಗಿ ಓಡಿಸಬೇಡಿ, ಅದು ಅಂಗಡಿಗೆ ಬಂದೋರಿಗೆಲ್ಲ ತಿಜೋರಿ ಕೀ ಕೊಟ್ಟ ಹಾಗೆ. ಗಿಟೀ ಒಂದೇ ಫೈಲ್, ಡೌನ್‌ಲೋಡ್ ಮಾಡಿ ಓಡಿಸಿದ್ರೆ ಪೋರ್ಟ್ 3000ರಲ್ಲಿ ಸೆಟಪ್ ಪುಟ ತೆರೆದುಕೊಳ್ಳುತ್ತೆ. ಡೇಟಾಬೇಸ್‌ಗೆ ನಾಲ್ಕೈದು ಜನ ಇದ್ರೆ ಎಸ್‌ಕ್ಯೂಲೈಟ್ ಸಾಕು, ದೊಡ್ಡ ತಂಡಕ್ಕೆ ಪೋಸ್ಟ್‌ಗ್ರೆಸ್.

ಇಲ್ಲೊಂದು ಎಚ್ಚರಿಕೆ. ಆ ಸೆಟಪ್ ಪುಟ ಮುಗಿಯೋ ತನಕ ಅದನ್ನ ಮೊದಲು ತೆರೆದವರೇ ಯಜಮಾನರು. ಇಂಟರ್‌ನೆಟ್‌ಗೆ ತೆರೆದಿಟ್ಟು ಊಟಕ್ಕೆ ಹೋಗಬೇಡಿ. ಅಡ್ಮಿನ್ ಖಾತೆಯನ್ನ ಅಲ್ಲೇ, ಆಗಲೇ ಮಾಡಿ.

ಆಮೇಲೆ ಮುಂದುಗಡೆ ಎಂಜಿನ್‌ಎಕ್ಸ್ ಅಥವಾ ಕ್ಯಾಡಿ ಇಟ್ಟು ಎಚ್‌ಟಿಟಿಪಿಎಸ್ ಕೊಡಿ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಉಚಿತ. ಯಾರು ಬೇಕಾದ್ರೂ ಖಾತೆ ತೆರೆಯೋ ಆಯ್ಕೆಯನ್ನ ಮುಚ್ಚಿ, ಇಲ್ಲಾಂದ್ರೆ ಸ್ಪ್ಯಾಮ್ ಖಾತೆಗಳು ತುಂಬ್ಕೊಳ್ತವೆ. ಅಡ್ಮಿನ್ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಕೋಡ್ ಕಳಿಸೋಕೆ ಎಸ್‌ಎಸ್‌ಎಚ್ ಕೀ ಬಳಸಿ: ಪಬ್ಲಿಕ್ ಕೀ ಸರ್ವರ್‌ಗೆ, ಪ್ರೈವೇಟ್ ಕೀ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ. ಅದನ್ನ ವಾಟ್ಸ್ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡಿ, ಅಣ್ಣ ಕೇಳಿದ್ರೂ ಸರಿ.

ಇಷ್ಟಕ್ಕೆ ಒಂದು ಸಂಜೆ.

ನಡೆಸೋದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದಕ್ಕೆ ಸರ್ವರ್ ಇಟ್ಟು ನೋಡು ಅಂತಾನೂ ಸೇರಿಸಬಹುದು.

ಮೊದಲನೇದು ಅಪ್‌ಡೇಟ್. ಗಿಟ್‌ಲ್ಯಾಬ್‌ನಲ್ಲಿ, ಅಪ್‌ಲೋಡ್ ಆದ ಚಿತ್ರಗಳನ್ನ ಓದೋ ಭಾಗದಲ್ಲಿ ಒಂದು ದೋಷ ಇತ್ತು. ಲಾಗಿನ್ ಕೂಡ ಇಲ್ಲದೆ ಹೊರಗಿನವರು ಸರ್ವರ್ ಮೇಲೆ ಕಮಾಂಡ್ ಓಡಿಸಬಹುದಿತ್ತು. 2021ರ ಏಪ್ರಿಲ್‌ನಲ್ಲೇ ಪ್ಯಾಚ್ ಬಂತು. ಆದ್ರೆ ವರ್ಷದ ಕೊನೆ ಹೊತ್ತಿಗೂ ಪ್ಯಾಚ್ ಹಾಕದ ಸರ್ವರ್‌ಗಳನ್ನ ಹುಡುಕಿ ದಾಳಿ ಮಾಡ್ತಾ ಇದ್ರು. ಔಷಧಿ ಮನೆಯಲ್ಲೇ ಇತ್ತು, ಕುಡಿಯೋರು ಇರಲಿಲ್ಲ. ಎರಡನೇದು, ಕೆಲಸ ಬಿಟ್ಟು ಹೋದವರ ಖಾತೆ ಮತ್ತು ಕೀ ಅವತ್ತೇ ತೆಗೀರಿ. ಮೂರನೇದು ಬ್ಯಾಕಪ್.

ಇಲ್ಲಿ ನನ್ನ ತಪ್ಪು ಹೇಳಲೇಬೇಕು. ನಾವು ಮೂವರು ಸೇರಿ ಒಂದು ಪುಟ್ಟ ಆ್ಯಪ್ ಮಾಡ್ತಿದ್ವಿ, ಸರ್ವರ್ ಹೊಣೆ ನನ್ನದು. ದಿನಾ ರಾತ್ರಿ ಬ್ಯಾಕಪ್ ಆಗೋ ಹಾಗೆ ಇಟ್ಟಿದ್ದೆ, ಆದ್ರೆ ಅದೇ ಡಿಸ್ಕ್ ಮೇಲೆ. ಹಳೇ ಬ್ಯಾಕಪ್‌ಗಳನ್ನ ಅಳಿಸೋರು ಯಾರೂ ಇರಲಿಲ್ಲ. ಡಿಸ್ಕ್ ತುಂಬಿತು. ಆಮೇಲಿನ ಫೈಲ್‌ಗಳೆಲ್ಲ ಅರ್ಧಂಬರ್ಧ. ಫೋಲ್ಡರ್‌ನಲ್ಲಿ ದಿನಾ ಹೊಸ ಫೈಲ್ ಕಾಣ್ತಿತ್ತು, ನಾನೂ ನೆಮ್ಮದಿಯಾಗಿ ಮಲಗ್ತಿದ್ದೆ. ಒಂದಿನ ಡೇಟಾಬೇಸ್ ಕೆಟ್ಟಿತು. ಸರಿಯಾಗಿ ತೆರೆದುಕೊಂಡ ಕೊನೆಯ ಬ್ಯಾಕಪ್ ಐದು ವಾರ ಹಳೇದು.

ಕೋಡ್ ಮೂರೂ ಲ್ಯಾಪ್‌ಟಾಪ್‌ನಲ್ಲಿ ಸುರಕ್ಷಿತವಾಗಿತ್ತು. ಹೋಗಿದ್ದು ಐದು ವಾರದ ಮಾತುಕತೆ. ಬಳಕೆದಾರರು ಹೇಳಿದ ದೂರುಗಳು, ಈ ಸಾಲು ಯಾಕೆ ಹೀಗೆ ಬರೆದ್ವಿ ಅನ್ನೋ ಕಾರಣಗಳು. ನಮ್ಮ ತಂಡದ ಹುಡುಗಿ ಒಂದು ಬಗ್ ಬಗ್ಗೆ ಎರಡು ದಿನ ಕೂತು ಬರೆದಿದ್ಲು. "ಪರ್ವಾಗಿಲ್ಲ ಬಿಡಕ್ಕ, ಮತ್ತೆ ಬರೀತೀನಿ" ಅಂದ್ಲು. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಗಿಟೀಯಲ್ಲಿ ಡಂಪ್ ಅನ್ನೋ ಒಂದೇ ಕಮಾಂಡ್‌ಗೆ ರೆಪಾಸಿಟರಿ, ಡೇಟಾಬೇಸ್, ಸೆಟ್ಟಿಂಗ್ಸ್ ಎಲ್ಲಾ ಒಂದು ಕಟ್ಟಾಗಿ ಸಿಗುತ್ತೆ. ಆದ್ರೆ ವಾಪಸ್ ತುಂಬಿಸೋದು ಅಷ್ಟು ಸುಲಭ ಅಲ್ಲ, ಒಂದೊಂದನ್ನೂ ಅದರದರ ಜಾಗಕ್ಕೆ ಕೈಯಾರೆ ಸೇರಿಸಬೇಕು. ಅದನ್ನ ಮೊದಲ ಸಲ ಕಲಿಯೋ ದಿನ ಸರ್ವರ್ ಕೆಟ್ಟ ದಿನವೇ ಆಗಬಾರದು.

ಅದಕ್ಕೇ ಈಗ ನಾನು ಮಾಡೋದು ಇಷ್ಟು. ಮೂರು ಪ್ರತಿ, ಎರಡು ಬೇರೆ ಬೇರೆ ಜಾಗದಲ್ಲಿ, ಅದರಲ್ಲಿ ಒಂದು ಸರ್ವರ್ ಇರೋ ಕಟ್ಟಡದ ಹೊರಗೆ. ಪ್ರತಿ ತಿಂಗಳ ಮೊದಲ ಭಾನುವಾರ ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಕಪ್ ತುಂಬಿಸಿ, ಲಾಗಿನ್ ಆಗಿ, ನಿನ್ನೆಯ ಇಶ್ಯೂ ಕಾಣುತ್ತಾ ಅಂತ ನೋಡ್ತೀನಿ. ಲೆಕ್ಕದವರು ಕ್ಯಾಶ್ ಬುಕ್ ಬ್ಯಾಲೆನ್ಸ್ ನೋಡಿ ಸುಮ್ಮನಾಗಲ್ಲ, ಗಲ್ಲಾಪೆಟ್ಟಿಗೆ ತೆಗೆದು ಎಣಿಸ್ತಾರೆ. ಇದೂ ಹಾಗೇ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಸ್ವಂತ ಸರ್ವರ್ ಬೇಕಾ ಅಂತ ಯೋಚಿಸ್ತಿರೋರು ಇನ್‌ಸ್ಟಾಲ್ ಆಗುತ್ತಾ ಅಂತ ಕೇಳ್ಕೋಬೇಡಿ, ಅದು ಆಗುತ್ತೆ. ತಿಂಗಳಿಗೊಂದು ಭಾನುವಾರ ಕೊಡೋಕಾಗುತ್ತಾ ಅಂತ ಕೇಳ್ಕೊಳ್ಳಿ. ಆಗುತ್ತೆ ಅಂದ್ರೆ ಇವತ್ತೇ ಶುರು ಮಾಡಿ. ಆಗಲ್ಲ ಅಂದ್ರೆ ಬಾಡಿಗೆ ಮನೆಯಲ್ಲೇ ಇರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಅಲ್ಲಿವರೆಗೆ ನಿಮ್ಮ ಫೋನ್ ಬ್ಯಾಕಪ್ ಒಮ್ಮೆ ತೆರೆದು ನೋಡಿ. ನಮಸ್ಕಾರ.