ತೆರೆಯ ಮೇಲಿನ ಅಕ್ಷರ

ಉಡುಪಿಗೆ ಅನತಿದೂರದಲ್ಲಿ, ಸುವರ್ಣಾ ನದಿಯ ತೀರದಲ್ಲಿ ಕೆಮ್ಮಣ್ಣು ಎಂಬ ಊರಿದೆ. ನದಿಯ ನಡುವಣ ಕುದ್ರುವಿಗೆ ದಾಟಿಸುವ ತೂಗುಸೇತುವೆಯಿಂದ ಈ ಊರು ಪ್ರವಾಸಿಗರಿಗೂ ಪರಿಚಿತವಾಗಿದೆ. ಇದರ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ಅವು ಮಾಸಿಹೋದರೆ ಉಳಿಯುವುದು 'ಕೆಮಣು' ಎಂಬ ಅರ್ಥವಿಲ್ಲದ ಮಾತು. ಅಚ್ಚಾದ ಪುಸ್ತಕದಲ್ಲಿ ಹೀಗಾಗುವುದು ವಿರಳ; ಗಣಕಯಂತ್ರದ ತೆರೆಯನ್ನು ಚಿತ್ರೀಕರಿಸಿ ವಿಡಿಯೋ ತಟ್ಟೆಗೆ ಇಳಿಸುವಾಗ ಇದು ಸುಲಭವಾಗಿ ಸಂಭವಿಸುತ್ತದೆ.

ಗಣಕದಲ್ಲಿ ಕನ್ನಡ ಬರೆಯುವ ಕ್ರಮವನ್ನು ಇಂತಹ ತಟ್ಟೆಯ ಮೂಲಕ ಕಲಿಸಬೇಕಾಗಿದೆ ಎಂದು ಭಾವಿಸೋಣ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಸರಕಾರದ ಮನ್ನಣೆ ಪಡೆದು 'ನುಡಿ' ತಂತ್ರಾಂಶದಲ್ಲಿ ಬಳಕೆಗೆ ಬಂದಿತು. ಅದರಲ್ಲಿ ಎರಡು ವ್ಯಂಜನಗಳ ನಡುವೆ 'ಎಫ್' ಕೀಲಿಯನ್ನು ಒತ್ತಿದರೆ ಒತ್ತಕ್ಷರ ಮೂಡುತ್ತದೆ. ಆ ಒತ್ತು ಮೂಡಿತೇ ಇಲ್ಲವೇ ಎಂಬುದು ಕಾಣದಿದ್ದರೆ ಕಲಿಯುವವನಿಗೆ ಪಾಠವೇ ವ್ಯರ್ಥ.

ತೆರೆಯ ಮೇಲಿನ ಚಿತ್ರವೆಲ್ಲವೂ ಸೂಕ್ಷ್ಮ ಬಿಂದುಗಳ ಜೋಡಣೆ. ಇಂದಿನ ಸಾಮಾನ್ಯ ಗಣಕದ ತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. 1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿವಿಡಿಯಾದರೋ, ಭಾರತದ ಟೆಲಿವಿಷನ್ ಪದ್ಧತಿಗೆ ಅನುಸಾರವಾಗಿ 720ಕ್ಕೆ 576 ಬಿಂದುಗಳನ್ನು ಮಾತ್ರ ಹಿಡಿಯಬಲ್ಲದು. ಗುಣಿಸಿ ನೋಡಿದರೆ ಐದು ಬಿಂದುಗಳಿದ್ದಲ್ಲಿ ಒಂದು ಮಾತ್ರ ಉಳಿಯುತ್ತದೆ. ಇಪ್ಪತ್ತು ಬಿಂದುಗಳ ಎತ್ತರ ಮತ್ತು ಅಗಲವುಳ್ಳ ಅಕ್ಷರವು ಸುಮಾರು ಹನ್ನೊಂದರ ಎತ್ತರಕ್ಕೂ ಎಂಟರ ಅಗಲಕ್ಕೂ ಕುಗ್ಗುತ್ತದೆ. ಟೆಲಿವಿಷನ್ ಆ ಅಗಲವನ್ನು ಮರಳಿ ಹಿಗ್ಗಿಸುವುದೇನೋ ನಿಜ. ಆದರೆ ಕಳೆದುಹೋದ ವಿವರವನ್ನು ಅದು ಎಲ್ಲಿಂದ ತಂದೀತು?

ಈ ನಷ್ಟ ಎಲ್ಲ ಲಿಪಿಗಳಿಗೂ ಉಂಟು. ಕನ್ನಡಕ್ಕೆ ಮಾತ್ರ ಅದು ಹೆಚ್ಚು ತಾಗುತ್ತದೆ. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ಭೇದವೆಂದರೆ ಅಕ್ಷರದ ಬುಡವನ್ನು ಸೀಳುವ ಒಂದು ಸಣ್ಣ ಗೆರೆ. ಆ ಗೆರೆ ಅಳಿದರೆ ಧನವು ದನವಾಗುತ್ತದೆ! ತಲೆಕಟ್ಟಿನ ಪಾಡು ಬೇರೆ. ಹಳೆಯ ಟೆಲಿವಿಷನ್ ಪದ್ಧತಿಯಲ್ಲಿ ಚಿತ್ರದ ಬೆಸ ಸಾಲುಗಳೂ ಸಮ ಸಾಲುಗಳೂ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಅಂತರದಲ್ಲಿ ಸರದಿಯಂತೆ ಮೂಡುತ್ತವೆ. ಒಂದೇ ಸಾಲಿನಷ್ಟು ತೆಳುವಾದ ಅಡ್ಡಗೆರೆಯು ಒಮ್ಮೆ ಕಂಡು, ಒಮ್ಮೆ ಮರೆಯಾಗಿ ಮಿನುಗತೊಡಗುತ್ತದೆ. ಬಣ್ಣದ ವಿವರವನ್ನಂತೂ ಡಿವಿಡಿ ಇನ್ನೂ ಒರಟಾಗಿ, ನಾಲ್ಕು ಬಿಂದುಗಳಿಗೆ ಒಂದರಂತೆ ದಾಖಲಿಸುತ್ತದೆ. ಆದುದರಿಂದ ನೀಲಿಯ ಮೇಲೆ ಕೆಂಪು ಅಕ್ಷರ ಬರೆಯುವುದು ಅವಿವೇಕ. ಕಡು ಬಣ್ಣವನ್ನು ತಿಳಿ ಹಿನ್ನೆಲೆಯ ಮೇಲಿಟ್ಟರೆ ಬೆಳಕಿನ ಅಂತರವೇ ಅಕ್ಷರವನ್ನು ಕಾಪಾಡುತ್ತದೆ.

ಪರಿಹಾರವು ಸಂಕಲನದ ಮೇಜಿಗಿಂತ ಮೊದಲೇ ಆರಂಭವಾಗಬೇಕು. ಇಡೀ ತೆರೆಯನ್ನು ಚಿತ್ರೀಕರಿಸಿ ಬಳಿಕ ಕುಗ್ಗಿಸುವ ಬದಲು, ಬರವಣಿಗೆಯ ಕಿಟಕಿಯನ್ನೇ 1024ಕ್ಕೆ 576ರಷ್ಟಕ್ಕೆ ಕಿರಿದುಗೊಳಿಸಿ, ಅದರಲ್ಲಿ ಅಕ್ಷರಗಳನ್ನು ಹಿರಿದಾಗಿಸಿ, ಅಷ್ಟನ್ನು ಮಾತ್ರ ದಾಖಲಿಸಬೇಕು. ಆಗ ಉದ್ದದ ಸಾಲುಗಳು ಒಂದಕ್ಕೊಂದು ಸರಿಹೊಂದುತ್ತವೆ. ಈಗಾಗಲೇ ದಾಖಲಾದ ಚಿತ್ರವಾದರೆ ಕೆಲಸ ನಡೆಯುವ ಭಾಗವನ್ನಷ್ಟೇ ಕತ್ತರಿಸಿ ತೆರೆ ತುಂಬ ತೋರಿಸಬಹುದು. ಹಳೆಯ ಟೆಲಿವಿಷನ್‌ಗಳು ಚಿತ್ರದ ಅಂಚನ್ನು ನುಂಗುವುದರಿಂದ ಅಂಚಿನಲ್ಲಿ ಬರಹವಿರಬಾರದು.

ಇನ್ನೊಂದು ಶತ್ರು ಸಂಕೋಚನ. ಡಿವಿಡಿಯ ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಸಂಗ್ರಹಿಸಲಾಗುತ್ತದೆ. ಮುಖದ ಚಿತ್ರಕ್ಕೆ ಇದರಿಂದ ಹೆಚ್ಚು ಹಾನಿಯಿಲ್ಲ. ಅಕ್ಷರದ ಚೂಪಾದ ಅಂಚಿನ ಸುತ್ತ ಮಾತ್ರ ಕೊಳೆಯಂತಹ ನೆರಳು ಕವಿಯುತ್ತದೆ. ಪ್ರತಿ ಹಂತದಲ್ಲೂ ಸಂಕೋಚಿಸುತ್ತ ಹೋದರೆ ಈ ಕೊಳೆ ಬೆಳೆಯುತ್ತದೆ. ಸಂಕಲನ ಮುಗಿಯುವವರೆಗೆ ವಿವರ ನಷ್ಟವಾಗದ ರೂಪದಲ್ಲಿಯೇ ಚಿತ್ರವನ್ನಿಟ್ಟು, ಕೊನೆಗೆ ಒಮ್ಮೆ ಮಾತ್ರ ಸಂಕೋಚಿಸುವುದು ಲೇಸು. ಒಂದು ಪದರದ ತಟ್ಟೆಯ ಧಾರಣಶಕ್ತಿ 4.7 ಗಿಗಾಬೈಟ್. ಸೆಕೆಂಡಿಗೆ 80 ಲಕ್ಷ ಬಿಟ್‌ಗಳಂತೆ ತುಂಬಿದರೆ ಸುಮಾರು 78 ನಿಮಿಷಗಳ ಪಾಠ ಹಿಡಿಯುತ್ತದೆ. ಮೂರು ಗಂಟೆಯ ಪಾಠವನ್ನು ಅದರಲ್ಲಿಯೇ ತುರುಕುವ ಲೋಭಕ್ಕೆ ಬಲಿಯಾಗುವುದು ಒತ್ತಕ್ಷರವೇ.

ಮೂಲದ ಸ್ಪಷ್ಟತೆಯೇ ಬೇಕೆನ್ನುವವರು ಪಾಠವನ್ನು ಸಾಮಾನ್ಯ ಕಡತವಾಗಿಯೂ ತಟ್ಟೆಯಲ್ಲಿ ಬರೆಯಬಹುದು. ಗಣಕ ಅದನ್ನು 1920ಕ್ಕೆ 1080 ಬಿಂದುಗಳಲ್ಲಿಯೇ ತೋರಿಸುತ್ತದೆ. ಹಳೆಯ ಡಿವಿಡಿ ಯಂತ್ರಗಳು ಮಾತ್ರ ಆ ಕಡತವನ್ನು ಓದಲಾರವು.