ಟ್ರೆವರ್ ಹಾಫ್‌ಮನ್ನರ ಮಂದಗತಿಯ ಚೆಂಡು

ಬೇಸ್‌ಬಾಲ್ ಎಂಬುದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಜನರಿಗೆ ಬಹಳ ಪ್ರಿಯವಾದ ಆಟವು. ನಮ್ಮ ವಿದ್ಯಾರ್ಥಿನಿಯರು ಬಲ್ಲ ಕ್ರಿಕೆಟ್ಟಿಗೂ ಇದಕ್ಕೂ ಕೆಲವು ಹೋಲಿಕೆಗಳುಂಟು. ಇಲ್ಲಿಯೂ ಒಬ್ಬನು ಚೆಂಡನ್ನೆಸೆಯುವನು, ಇನ್ನೊಬ್ಬನು ದಾಂಡಿನಿಂದ ಹೊಡೆಯುವನು. ಆದರೆ ಚೆಂಡು ನೆಲವನ್ನು ತಾಗದೆ ನೇರವಾಗಿ ಬರುವುದು. ಪ್ರತಿ ಪಕ್ಷಕ್ಕೂ ಒಂಬತ್ತು ಸರದಿಗಳು. ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ದಣಿದಾಗ ಬೇರೊಬ್ಬನು ಅವನ ಸ್ಥಾನಕ್ಕೆ ಬರುವನು.

ಹೀಗೆ ಬರುವವರಲ್ಲಿ ಕಟ್ಟಕಡೆಯವನ ಕೆಲಸವು ಅತಿ ಕಠಿನವಾದದ್ದು. ತನ್ನ ಪಕ್ಷವು ಕೆಲವೇ ಓಟಗಳಿಂದ ಮುಂದಿರುವಾಗ ಅವನು ಬಂದು ಆ ಮುನ್ನಡೆಯನ್ನು ಕಾಯಬೇಕು. ಇತರರು ಗಂಟೆಗಟ್ಟಲೆ ದುಡಿದು ಗಳಿಸಿದ್ದು ಅವನ ಒಂದೇ ಎಸೆತದಿಂದ ಕೈಬಿಟ್ಟುಹೋಗಬಹುದು. ಗೆಲುವನ್ನು ಹೀಗೆ ಕಾಪಾಡಿಕೊಡುವುದನ್ನು ‘ಸೇವ್’ ಎನ್ನುತ್ತಾರೆ. 1969ರಿಂದ ಅದಕ್ಕೆ ಅಧಿಕೃತವಾದ ಲೆಕ್ಕವುಂಟು. ಈ ಕೆಲಸದಲ್ಲಿ ಹೆಸರಾದ ಟ್ರೆವರ್ ಹಾಫ್‌ಮನ್ನರ ವೃತ್ತಾಂತವನ್ನು ಇಲ್ಲಿ ಹೇಳಬಯಸುತ್ತೇವೆ.

ಇವರು 1967ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತ್ಯದಲ್ಲಿ ಜನಿಸಿದರು. ಆರು ವಾರಗಳ ಶಿಶುವಾಗಿದ್ದಾಗಲೇ ಇವರ ಒಂದು ಮೂತ್ರಪಿಂಡವನ್ನು ತೆಗೆಯಬೇಕಾಯಿತು. ಆದಕಾರಣ ಮೈಗೆ ಪೆಟ್ಟಾಗಬಹುದಾದ ಕುಸ್ತಿ ಮೊದಲಾದವುಗಳನ್ನು ಬಿಟ್ಟು ಬೇಸ್‌ಬಾಲ್ ಆಡಿದರು. 1989ರಲ್ಲಿ ಸಿನ್‌ಸಿನಾಟಿ ರೆಡ್ಸ್ ಎಂಬ ಪಕ್ಷವು ಇವರನ್ನು ಆರಿಸಿಕೊಂಡಾಗ ಇವರು ಪಿಚರ್ ಆಗಿರಲಿಲ್ಲ. ಹೊಡೆದ ಚೆಂಡನ್ನು ತಡೆಯುವ ಆಟಗಾರರಾಗಿದ್ದರು. ದಾಂಡಿನಲ್ಲಿ ಇವರ ಸಾಮರ್ಥ್ಯವು ಸಾಲದೆಂದೂ ತೋಳು ಮಾತ್ರ ಬಲವಾದದ್ದೆಂದೂ ಕಂಡು, 1991ರಲ್ಲಿ ಇವರನ್ನು ಎಸೆಯುವ ಕೆಲಸಕ್ಕೆ ಹಾಕಿದರು. 1993ರಲ್ಲಿ ಸ್ಯಾನ್ ಡಿಯಾಗೋ ಪಾಡ್ರೆಸ್ ಪಕ್ಷದವರು ಗ್ಯಾರಿ ಶೆಫೀಲ್ಡ್ ಎಂಬ ಜನಪ್ರಿಯ ದಾಂಡಿಗರನ್ನು ಬಿಟ್ಟುಕೊಟ್ಟು ಇವರನ್ನು ಪಡೆದಾಗ, ಆ ಊರಿನ ಪ್ರೇಕ್ಷಕರು ಸಿಟ್ಟಾಗಿ ಇವರನ್ನು ಹೀಯಾಳಿಸಿದರು.

ಆಗ ಇವರ ಚೆಂಡಿಗೆ ಗಂಟೆಗೆ ಸುಮಾರು 95 ಮೈಲಿಗಳ ವೇಗವಿತ್ತು. 1994ರಲ್ಲಿ ಆಟಗಾರರ ಮುಷ್ಕರದಿಂದ ಪಂದ್ಯಗಳು ನಿಂತಿದ್ದ ಕಾಲದಲ್ಲಿ ಇವರ ಹೆಗಲಿಗೆ ಪೆಟ್ಟಾಯಿತು. ಹಿಂದಿನ ವೇಗವು ಮತ್ತೆ ಬರಲಿಲ್ಲ. ವೇಗವನ್ನೇ ನಂಬಿದ್ದವನಿಗೆ ಇದಕ್ಕಿಂತ ದೊಡ್ಡ ನಷ್ಟವುಂಟೇ? ಆದರೆ ಇವರು ಡಾನಿ ಎಲಿಯಟ್ ಎಂಬ ಸಹ ಆಟಗಾರರಿಂದ ‘ಚೇಂಜ್-ಅಪ್’ ಎಂಬ ಮಂದಗತಿಯ ಎಸೆತದ ಹಿಡಿತವನ್ನು ಕಲಿತು, ಅದನ್ನೇ ಸಾಧಿಸಿದರು.

ಇದರ ಮರ್ಮವು ಹೀಗಿದೆ: ಚೆಂಡನ್ನು ಬೆರಳ ತುದಿಗಳಲ್ಲಿ ಹಿಡಿಯದೆ ಅಂಗೈಯೊಳಕ್ಕೆ ಒತ್ತಿ ಹಿಡಿಯಬೇಕು, ತೋಳನ್ನಾದರೋ ವೇಗದ ಎಸೆತಕ್ಕೆ ಬೀಸುವಷ್ಟೇ ರಭಸದಿಂದ ಬೀಸಬೇಕು. ತೋಳನ್ನು ಕಂಡ ದಾಂಡಿಗನು ಚೆಂಡು ಬಂದಿತೆಂದು ದಾಂಡನ್ನು ಬೀಸುವನು. ಚೆಂಡು ಇನ್ನೂ ದಾರಿಯಲ್ಲಿರುವುದು. ತೋಳು ತುಸು ನಿಧಾನವಾದರೂ ಗುಟ್ಟು ಬಯಲಾಗುವುದು.

ಈ ಎಸೆತದ ಬಲದಿಂದ ಇವರು 1998ರಲ್ಲಿ 54 ಅವಕಾಶಗಳಲ್ಲಿ 53 ಗೆಲುವುಗಳನ್ನು ಕಾಪಾಡಿದರು. ಅದೇ ವರುಷದ ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಾವಳಿಯಲ್ಲಿ, ನ್ಯೂಯಾರ್ಕ್ ಯಾಂಕೀಸ್ ಪಕ್ಷದ ಸ್ಕಾಟ್ ಬ್ರೋಷಸ್ ಇವರ ಚೆಂಡನ್ನು ಅಂಗಣದಾಚೆಗೆ ಹೊಡೆದು ಮೂರು ಓಟಗಳನ್ನು ಪಡೆದರು, ಪಂದ್ಯವು ಕೈತಪ್ಪಿತು. 2007ರ ಜೂನ್ ತಿಂಗಳಲ್ಲಿ 500 ಸೇವ್‌ಗಳನ್ನು ಮುಟ್ಟಿದವರಲ್ಲಿ ಇವರೇ ಮೊದಲಿಗರಾದರು. ಅದೇ ವರುಷದ ಕೊನೆಯಲ್ಲಿ ಮೂರು ದಿನಗಳೊಳಗೆ ಎರಡು ಸಾರಿ ಮುನ್ನಡೆಯನ್ನು ಕಾಯಲಾರದೆ ಹೋದರು. ಇವರ ಪಕ್ಷವು ಮುಂದಿನ ಸುತ್ತಿಗೆ ಹೋಗಲಿಲ್ಲ. ಆಗ ಇವರಿಗೆ ನಲವತ್ತು ವರುಷ ತುಂಬುವುದರಲ್ಲಿತ್ತು. ಆದರೂ ಆಟವನ್ನು ಬಿಡದೆ, 2010ರಲ್ಲಿ ಮಿಲ್ವಾಕೀ ಬ್ರೂಯರ್ಸ್ ಪಕ್ಷದಲ್ಲಿದ್ದು 600ನ್ನು ಮುಟ್ಟಿದವರಲ್ಲಿಯೂ ಮೊದಲಿಗರಾದರು.

ಇವರು 601 ಸೇವ್‌ಗಳೊಡನೆ ನಿವೃತ್ತರಾದರು. 2011ರಲ್ಲಿ ಪನಾಮಾ ದೇಶದವರಾದ ಮರಿಯಾನೋ ರಿವೇರಾ ಈ ಸಂಖ್ಯೆಯನ್ನು ಮೀರಿದರು. 2018ರಲ್ಲಿ ಹಾಫ್‌ಮನ್ನರನ್ನು ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಆರಿಸಲಾಯಿತು.

ಇವರಿಗೆ ದೊರೆತ ಅವಕಾಶಗಳು ಒಟ್ಟು 677. ಅಂದರೆ 76 ಸಾರಿ ಇವರು ಎಲ್ಲರ ಕಣ್ಣೆದುರಿಗೆ ಸೋತರು. ಮುಂದಿನ ಕರೆ ಬಂದಾಗ ಮತ್ತೆ ಹೋಗಿ ನಿಂತರು. ವಿದ್ಯಾರ್ಥಿನಿಯರೇ, ಬಲವು ಕುಂದುವುದು ನಮ್ಮ ಕೈಯಲ್ಲಿಲ್ಲ. ಚೆಂಡು ಮಂದವಾಗಿ ಹೋದರೂ ತೋಳನ್ನು ಪೂರ್ಣವಾಗಿ ಬೀಸುವುದು ನಮ್ಮ ಕೈಯಲ್ಲಿದೆ. ಒಂದು ಪರೀಕ್ಷೆಯಲ್ಲಿ ತಪ್ಪಿ, ಮರಳಿ ಶಾಲೆಗೆ ಬರಲು ನಾಚುವ ಹುಡುಗಿಯು ಈ 76ನ್ನು ನೆನೆದುಕೊಳ್ಳಲಿ.