ಪೂಜಾ ಕುಣಿತ ಮತ್ತು ಊರಹಬ್ಬದ ಸಮುದಾಯಭಾವ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನೊಳಗೊಂಡು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಆಡಳಿತದ ಹೆಸರು ಬದಲಾದರೂ ಈ ನೆಲದ ಜನರನ್ನು ಒಂದುಗೂಡಿಸುವ ಸಂದರ್ಭಗಳು ಹಳೆಯವೇ. ರಾಮನಗರದ ಚಾಮುಂಡೇಶ್ವರಿ ಕರಗ, ಕಬ್ಬಾಳಿನ ಕಬ್ಬಾಳಮ್ಮನ ಜಾತ್ರೆ, ಮಾಗಡಿಯ ರಂಗನಾಥಸ್ವಾಮಿ ರಥೋತ್ಸವಗಳಂತಹ ದೊಡ್ಡ ಉತ್ಸವಗಳ ಜೊತೆಗೆ ಗ್ರಾಮದೇವತೆಯ ಊರಹಬ್ಬಗಳೂ ಇಲ್ಲಿ ಮುಖ್ಯವಾಗಿವೆ. ಈ ಹಬ್ಬಗಳ ಪ್ರಧಾನ ಕಲೆಗಳಲ್ಲಿ ಪೂಜಾ ಕುಣಿತವೂ ಒಂದು.

ಬಿದಿರಿನ ಚೌಕಟ್ಟಿಗೆ ಬಣ್ಣದ ಸೀರೆ, ಹೂವು ಹಾಗೂ ದೇವತೆಯ ಮುಖವಾಡವನ್ನು ಕಟ್ಟಿ ಸಿದ್ಧಪಡಿಸಿದ 'ಪೂಜೆ'ಯನ್ನು ಕಲಾವಿದನು ತಲೆಯ ಮೇಲೆ ನಿಲ್ಲಿಸಿಕೊಂಡು ಕುಣಿಯುತ್ತಾನೆ. ತಮಟೆಯ ಗತ್ತು ಬದಲಾದಂತೆ ಹೆಜ್ಜೆಯೂ ಬದಲಾಗುತ್ತದೆ. ಇಲ್ಲಿ ನೋಡುವವರು ಬೇರೆ, ನಡೆಸುವವರು ಬೇರೆ ಅಲ್ಲ. ಮನೆಮನೆಯಿಂದ ವಂತಿಗೆ ಎತ್ತುವುದು, ಕೊಂಡಕ್ಕೆ ಸೌದೆ ಒಟ್ಟುವುದು, ಬೀದಿ ಸಾರಿಸುವುದು, ಆರತಿ ಹೊರುವುದು ಮೊದಲಾದ ಕೆಲಸಗಳ ಹಂಚಿಕೆಯಿಂದಲೇ 'ನಮ್ಮೂರ ಹಬ್ಬ' ಎಂಬ ಭಾವ ಹುಟ್ಟುತ್ತದೆ. ಬೇರೆಡೆ ನೆಲೆಸಿದವರೂ ಹಬ್ಬಕ್ಕೆ ಊರಿಗೆ ಮರಳುವುದು ಈ ಪಾಲುದಾರಿಕೆಯ ಕಾರಣದಿಂದಲೇ.

ಆದರೆ ಈ ಪಾಲು ಎಲ್ಲರಿಗೂ ಸಮನಾಗಿರಲಿಲ್ಲ ಎಂಬುದನ್ನು ಮರೆಯಲಾಗದು. ತಮಟೆಯನ್ನು ಬೆಂಕಿಗೆ ಕಾಯಿಸಿ, ಹದಮಾಡಿ, ಇರುಳಿಡೀ ಬಾರಿಸುತ್ತಿದ್ದವರು ಬಹುಮಟ್ಟಿಗೆ ದಲಿತರು. ಅವರ ನಾದವಿಲ್ಲದೆ ದೇವರು ಹೊರಡುತ್ತಿರಲಿಲ್ಲ. ಆದರೂ ಅವರು ಗುಡಿಯ ಹೊಸ್ತಿಲಾಚೆಯೇ ನಿಲ್ಲಬೇಕಾಗಿತ್ತು. 1961ರ ಕಾಯ್ದೆಯು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದರೂ ರೂಢಿಯ ಒತ್ತಾಯ ಒಮ್ಮೆಗೇ ಅಳಿಯಲಿಲ್ಲ. 1970ರ ದಶಕದ ದಲಿತ ಚಳವಳಿಯು ಚಾಕರಿಯಾಗಿ ತಮಟೆ ಬಡಿಯುವುದನ್ನು ಪ್ರಶ್ನಿಸಿತು. ಅದೇ ತಮಟೆ ಹೋರಾಟದ ಮೆರವಣಿಗೆಗಳಲ್ಲಿಯೂ ಮೊಳಗಿತು.

ಈ ಹಿನ್ನೆಲೆಯಲ್ಲಿ ಜಾನಪದ ಲೋಕದ ಪಾತ್ರವನ್ನು ಪರಿಶೀಲಿಸಬೇಕಾಗುತ್ತದೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರದ ಬಳಿಯ ಜಾನಪದ ಲೋಕ 1994ರಲ್ಲಿ ಉದ್ಘಾಟನೆಗೊಂಡಿತು. ಅಲ್ಲಿನ ಲೋಕೋತ್ಸವದಲ್ಲಿ ವಾದಕನು ಊರಿನ ಚಾಕರಿಯವನಾಗಿ ಅಲ್ಲ, ಕಲಾವಿದನಾಗಿ ನಿಲ್ಲುತ್ತಾನೆ. ಅವನಿಗೆ ಸಂಭಾವನೆಯೂ ಮನ್ನಣೆಯೂ ದೊರೆಯುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಇರುಳಿಡೀ ನಡೆಯುವ ಕುಣಿತ ವೇದಿಕೆಯ ಮೇಲೆ ಕೆಲವೇ ನಿಮಿಷಗಳಿಗೆ ಇಳಿಯುತ್ತದೆ. ಹರಕೆ ಹೊತ್ತ ಜನರ ಜಾಗದಲ್ಲಿ ಪ್ರೇಕ್ಷಕರು ಕುಳಿತಿರುತ್ತಾರೆ.

ಹೀಗೆ ಊರಹಬ್ಬವು ಒಡನಾಟವನ್ನು ಕೊಟ್ಟು ಘನತೆಯನ್ನು ತಡೆಹಿಡಿಯಿತು; ವೇದಿಕೆಯು ಘನತೆಯನ್ನು ಕೊಟ್ಟು ಒಡನಾಟವನ್ನು ತೆಳುವಾಗಿಸಿತು. ಆದುದರಿಂದ ಹಬ್ಬದ ಸಮುದಾಯಭಾವವನ್ನು ನೆರೆದ ಜನರ ಸಂಖ್ಯೆಯಿಂದ ಅಳೆಯಲಾಗದು. ತಮಟೆ ಹಿಡಿದವನು ತನ್ನ ಇಚ್ಛೆಯಿಂದ ಬಂದಿದ್ದಾನೆಯೇ, ನಾದ ನಿಂತ ಮೇಲೆ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾನೆಯೇ ಎಂಬ ಪ್ರಶ್ನೆಗಳೇ ಅದರ ನಿಜವಾದ ಅಳತೆಗೋಲು.